ಅಮ್ಮನ ಬೆನ್ನು ಉಜ್ಜಿದ ಜಪಾನಿ ಅಜ್ಜಿ

ನನ್ನ ನೆನಪು ತಪ್ಪಿರಬಹುದು, ಮೊದಲು ನಕ್ಕಿದ್ದು ಅಮ್ಮನೋ ಆ ಅಜ್ಜಿಯೋ ಹೇಳಲಾರೆ. ಜಪಾನಿನ ಸದ್ದಿಲ್ಲದ ಬೆಟ್ಟದೂರಿನಲ್ಲಿ ಅಮ್ಮ ಮತ್ತು ನಾನು ತಂಗಿದ್ದ ವಸತಿಗೃಹದಲ್ಲಿ, ಟವೆಲ್ ಕೊಡಲೆಂದು ಬಚ್ಚಲುಮನೆಯ ಬಾಗಿಲು ಸರಿಸಿದೆ. ಮಣೆಯ ಮೇಲೆ ಕೂತ ಅಮ್ಮನ ಬೆನ್ನನ್ನು ವಸತಿಗೃಹದ ಒಡತಿ ಅಜ್ಜಿ ಉಜ್ಜುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

“ಬಾಗ್ಲು ಹಾಕೇ, ಚಳಿ ಆಗತ್ತೆ!” ಎಂದಳು ಅಮ್ಮ.

ಅಮೆರಿಕದ ನೇಪರ್‌ವಿಲ್‌ನ ನನ್ನ ಮನೆಯಲ್ಲಿ ಅವಳಿಗೆ ಭುಜ ನೋವು ಬಂದಾಗ ಬೆನ್ನು ಉಜ್ಜಿಕೊಡುತ್ತೇನೆ ಎಂದಿದ್ದೆ. “ನಂಗೇನ್ ಕೈಯಿಲ್ವಾ?” ಎಂದು ಚಿಲಕ ಹಾಕಿಕೊಂಡಿದ್ದಳು. ಅಮ್ಮನ ಸುಖ ಕಂಡು ಮಗಳಿಗೆ ಹೊಟ್ಟೆಕಿಚ್ಚಾಗುತ್ತದೆಯೇ? ನನಗಾಯಿತು.

ಜಪಾನಿನಿಂದ ಮರಳಿದ ದಿನ, ಶಿಕಾಗೊ ಏರ್‌ಪೋರ್ಟಿನಿಂದ ಮನೆಗೆ ಡ್ರೈವ್ ಮಾಡುತ್ತಾ ಅಮ್ಮನನ್ನು ಕೇಳಿದೆ: “ನಾನ್ ಉಜ್ಜಿದ್ರೆ ಏನಾಗ್ತಿತ್ತಮ್ಮ?”