ಹೆಜ್ಜೇನಿನೆದುರು ನಮ್ಮ ಕಚೇರಿ

ಯುದ್ಧದ ಕಾಲ. ಪುಣೆಯ ಕ್ಯಾಂಪಿನ ಮಿಲಿಟರಿ ಕಚೇರಿಯೊಂದರಲ್ಲಿ ನಾನು ಟೈಪಿಸ್ಟ್, ಅದೂ ಹಂಗಾಮಿ. ನೌಕರಿ ಕಾಯಂ ಆಗುವವರೆಗೆ ಮಗಳನ್ನು ಕಳಿಸುವುದಿಲ್ಲ ಎಂದು ಧಾರವಾಡದ ನನ್ನ ಮಾವ ಪಟ್ಟು ಹಿಡಿದಿದ್ದರು. ಮದುವೆಯಾಗಿ ಎರಡು ವರ್ಷವಾಗಿತ್ತು, ನನಗೋ ಹೆಂಡತಿಯ ಮುಖವೇ ಮರೆಯುವ ಹಾಗಾಗಿತ್ತು. ಕಾಯಂ ಮಾಡುವ ಕಾಗದಕ್ಕೆ ಸಾಹೇಬರ ಸಹಿಯೊಂದೇ ಬಾಕಿ.

ಆ ಸೋಮವಾರ ಕಚೇರಿಯೆದುರಿನ ಬೇವಿನ ಮರದ ಹೆಜ್ಜೇನು ಎದ್ದು ಕಚೇರಿಗೆ ನುಗ್ಗಿತು. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಬಯಲಿಗೆ ಓಡಿದೆವು. ಮೇಲಿನವರಿಗೆ ವರದಿ ಹೋಗಬೇಕಲ್ಲ, ಪಕ್ಕದ ಗೋದಾಮಿನ ಟೈಪ್‌ರೈಟರಿನಲ್ಲಿ ‘ಸಿಬ್ಬಂದಿ ರಿಟ್ರೀಟ್ ಆಯಿತು’ ಎಂದು ಹೊಡೆದೆ.

ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ಶತ್ರು ಬೆನ್ನಟ್ಟಿ ಓಡಿಸಿದರೆ ರಿಟ್ರೀಟ್, ಅಪ್ಪಣೆಯಂತೆ ಸಾಲಾಗಿ ಹಿಂದೆ ಸರಿದರೆ ವಿತ್‌ಡ್ರಾ, ತಮ್ಮ ಕಚೇರಿ ಎಂದಿಗೂ ರಿಟ್ರೀಟ್ ಆಗುವುದಿಲ್ಲ ಎಂದರು. ಬೆಳಗಾವಿಯ ನಮ್ಮ ಹೆಡ್‌ಕ್ಲಾರ್ಕ್ ಸುಳ್ಳು ಬರೆಯಲು ಕೈ ಬಾರದ ಮನುಷ್ಯ. ಅಪ್ಪಣೆ ಯಾರೂ ಕೊಡಲಿಲ್ಲವಲ್ಲ ಎಂದರು. ಸಾಹೇಬರು ಯೋಚಿಸಿದರು. ಹಾಗಾದರೆ ಮತ್ತೆ ಒಳಗೆ ಹೋಗಿ, ನನ್ನ ಅಪ್ಪಣೆಯಂತೆ ಕ್ರಮವಾಗಿ ಹೊರಗೆ ಬರೋಣ, ವಿತ್‌ಡ್ರಾ ಎಂಬ ವರದಿ ನಿಜವಾಗುತ್ತದೆ ಎಂದರು.

ಹುಚ್ಚೆಂದರೆ ಇನ್ನೇನು? ಫೈಲುಗಳನ್ನು ಎದೆಗವಚಿಕೊಂಡು ಹದಿನಾಲ್ಕು ಜನ ಜೇನು ತುಂಬಿದ ಕೋಣೆಗೆ ಹೋಗಿ ನಿಂತೆವು. ಅಪ್ಪಣೆ ಕೊಡಲು ಸಾಹೇಬರು ಬಾಯಿ ತೆರೆದರು, ಹುಳವೊಂದು ಬಾಯೊಳಗೇ ಹೋಯಿತು. ಕಿಟಕಿ ಹಾರಿದವರಲ್ಲಿ ಅವರೇ ಮೊದಲಿಗರು.

ಬಯಲಿನಲ್ಲಿ ಹುಳ ಕಡಿದು ಊದಿದ ಬಲಗೈ ಹಿಡಿದು ನಿಂತ ಅವರು, ನೀನು ಕಂಡದ್ದೇನು ಎಂದು ನನ್ನನ್ನೇ ಕೇಳಿದರು. ನನ್ನನ್ನು ಕಾಯಂ ಮಾಡುವ ಕಾಗದ ಅವರ ಕಂಕುಳಿನ ಫೈಲಿನಲ್ಲಿತ್ತು.

“ತಮ್ಮಾ, ಖರೇ ಹೇಳು,” ಎಂದು ಹೆಡ್‌ಕ್ಲಾರ್ಕ್ ಮೆಲ್ಲಗೆ ಅಂದರು.

ಅವರ ಮುಖ ನೋಡಲು ನಾಚಿಕೆಯಾಯಿತು. ವಿತ್‌ಡ್ರಾ ಸರ್, ಯಾರಿಗೂ ಒಂದು ಹುಳವೂ ಕಡಿಯಲಿಲ್ಲ ಎಂದೆ. ಹಾಗೆಯೇ ಟೈಪೂ ಮಾಡಿದೆ. ಸಾಹೇಬರು ಖುಷಿಯಾಗಿ ಅಲ್ಲೇ, ಊದಿದ ಕೈಯಿಂದಲೇ, ನನ್ನ ಕಾಗದಕ್ಕೆ ಸಹಿ ಹಾಕಿದರು.

ವಾರದ ಮೇಲೆ ಮೇಲಿನ ಕಚೇರಿಯಿಂದ ಕಾಗದ ವಾಪಸು ಬಂತು. ಈ ಸಹಿ ಸಾಹೇಬರದಲ್ಲ, ಕಾರಣ ತಿಳಿಸದೆ ಹೊಸ ಕಾಗದ ಕಳಿಸಕೂಡದು ಎಂದು ಬರೆದಿತ್ತು. ಕೈ ಊದಿತ್ತೆಂದು ಬರೆಯಿರಿ ಎಂದು ಸಾಹೇಬರನ್ನು ಬೇಡಿಕೊಂಡೆ. ಅವರು ನನ್ನದೇ ವರದಿ ತೆಗೆದು, ಯಾರಿಗೂ ಕಡಿಯಲಿಲ್ಲ ಎಂಬ ಸಾಲಿನ ಮೇಲೆ ಬೆರಳಿಟ್ಟರು.

“ಈಗರೆ ಖರೇ ಹೇಳ್ತೀಯೇನು?” ಎಂದರು ಹೆಡ್‌ಕ್ಲಾರ್ಕ್.

ಹೇಳಿದರೆ ಸುಳ್ಳು ವರದಿಗಾಗಿ ಇದ್ದ ಕೆಲಸವೂ ಹೋಗುತ್ತಿತ್ತು.

“ಕಡೀಲಿಲ್ರಿ,” ಎಂದೆ. ಹೆಂಡತಿ ಇನ್ನೊಂದು ವರ್ಷ ತವರಿನಲ್ಲೇ ಉಳಿದಳು.