ಹಿಂದ ಕುಂದ್ರೋರಿಗಿ ಏನದ?

ಕೂತಲ್ಲಿಂದ ಏಳಬೇಕಾದರೆ ನಮ್ಮತ್ತೆ ಮೊದಲು ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಳ್ಳುತ್ತಿದ್ದರು. ಆಮೇಲೆ ಅಂಗೈಗಳನ್ನು ಮೊಣಕಾಲಿಗೂರಿ, ತುಟಿ ಕಚ್ಚಿ, ಒಂದೇ ಉಸಿರಿಗೆ ಎದ್ದು ನಿಲ್ಲುತ್ತಿದ್ದರು. ಬಳೆಗಳು ಝಲ್ಲನೆ ಕೆಳಗಿಳಿಯುತ್ತಿದ್ದವು.

ಬೀದರಿನ ನಮ್ಮ ಮನೆಯಿಂದ ಅವರು ಹೊರಗೆ ಹೋಗುವುದು ನಿಂತೇಹೋಗಿತ್ತು. ಬಸ್ಸಿನ ಮೆಟ್ಟಿಲು ಹತ್ತಲಾಗದು. ಹಳೆಯ ಕಾರು ತೀರ ತಗ್ಗು; ಇಳಿಸಲು ಇಬ್ಬರು ಜಗ್ಗಬೇಕು. ಒಂದು ಮದುವೆಯಲ್ಲಿ ಎಲ್ಲರೆದುರು ಹಾಗೆ ಇಳಿಸಿಕೊಂಡ ಮೇಲೆ, "ಕೆಸರಾಗಿನ ಎಮ್ಮಿ ಎಳದಂಗ ಎಳದ್ರು" ಎಂದು ನಕ್ಕವರು ಮತ್ತೆಂದೂ ಅದನ್ನು ಹತ್ತಲಿಲ್ಲ. ಕಿಟಕಿಯ ಸರಳು ಹಿಡಿದು ಓಣಿ ನೋಡುವುದೇ ಅವರ ತಿರುಗಾಟ.

ನಿವೃತ್ತರಾದ ಮಾವ ಸಣ್ಣದೊಂದು ಎಸ್‌ಯುವಿ ಕೊಳ್ಳಲು ಹೊರಟಾಗ ಅತ್ತೆ ಹೇಗೋ ಆಟೋ ಹತ್ತಿ ತಾವೂ ಬಂದರು. ಶೋರೂಮಿನಾತ ಸ್ಟೇರಿಂಗು, ಪರದೆ ಎಲ್ಲ ತೋರಿಸುತ್ತಿದ್ದರೆ ಮಾವನದು ಒಂದೇ ಪ್ರಶ್ನೆ: "ಆವರೇಜ್ ಎಷ್ಟ ಕೊಡ್ತದ್ರಿ?"

ಅತ್ತೆ ನೆಟ್ಟಗೆ ಹಿಂದಿನ ಬಾಗಿಲಿಗೆ ಹೋದರು. ನಮ್ಮಲ್ಲಿ ಗಂಡಸರಿದ್ದಾಗ ಹೆಂಗಸರು ಮುಂದೆ ಕೂರುವುದಿಲ್ಲ.

"ಗಾಡಿ ಹೊಡಿಯೋರಿಗಿ ಎಲ್ಲಾ ತೋರಸ್ಲತ್ತೀರಿ. ಹಿಂದ ಕುಂದ್ರೋರಿಗಿ ಏನದ?"

ಆತ ಹಿಂದಿನ ಬಾಗಿಲು ತೆರೆಯುತ್ತಿದ್ದಂತೆ ಅತ್ತೆ ಕೂತು, ಇಳಿದು, ಮತ್ತೆ ಕೂತು ನೋಡಿದರು. ಒಂದು ಗಾಡಿಯಲ್ಲಿ ಕಾಲು ನೆಲಕ್ಕೆ ನಿಲುಕಲಿಲ್ಲ. ಇನ್ನೊಂದರ ಸೀಟು ಬೆನ್ನು ತಿರುಗಿಸಿ ಕೂರಲು ಸರಿಯಾದ ಎತ್ತರಕ್ಕಿತ್ತು. "ನಮ್ಮ ಬಾಗಿಲ ಕಟ್ಟಿ ಇದ್ದಂಗ ಅದ. ಇದೇ ಇರ್ಲಿ." ಪುಣ್ಯಕ್ಕೆ ಕಡಿಮೆ ಪೆಟ್ರೋಲ್ ಕುಡಿಯುವುದೂ ಅದೇ ಆಗಿತ್ತು.

ಗಾಡಿ ಬಂತು. ಆದರೆ ಅದು ಬರದ ವರ್ಷ. ಟ್ಯಾಂಕರ್ ಬಂದ ದಿನ ಮಾತ್ರ ನೀರು. ಧೂಳು ಹತ್ತಿದರೆ ತೊಳೆಯುವುದು ಹೇಗೆಂದು ಮಾವ ಅದಕ್ಕೆ ಮುಸುಕು ಹೊದಿಸಿ ಅಂಗಳದಲ್ಲಿ ನಿಲ್ಲಿಸಿಬಿಟ್ಟರು. ಮಳೆ ಬರುವವರೆಗೆ ಹೊರಗೆ ಒಯ್ಯುವ ಮಾತಿಲ್ಲ. ಈಗ ಅತ್ತೆಗೆ ಕಿಟಕಿಯಿಂದ ಓಣಿಯೂ ಕಾಣದು, ಆ ಬೂದು ಮುಸುಕೊಂದೇ ಕಾಣುವುದು.

ಆಗಲೇ ಔರಾದಿನಿಂದ ಫೋನು ಬಂತು. ಅತ್ತೆಗಿದ್ದ ಒಬ್ಬರೇ ತಂಗಿ ಮಗ–ಸೊಸೆಯ ಜೊತೆ ಪುಣೆಗೆ ಕೂಲಿಗೆ ಹೊರಟಿದ್ದರು. ಮನೆಗೆ ಬೀಗ ಹಾಕಿ ಭಾಲ್ಕಿಯಲ್ಲಿ ರೈಲು ಹತ್ತುವುದು. ಮರಳುವುದು ಯಾವಾಗಲೋ. ಒಮ್ಮೆ ನೋಡಿ ಬರೋಣವೆಂದು ಅತ್ತೆ ದಿನಾ ಕೇಳಿದರು. "ಆ ರೋಡ್ ಅಂದ್ರ ಬರೇ ಧೂಳು. ಫೋನಿನ್ಯಾಗ ಮಾತಾಡು," ಎಂದು ಮಾವ ದಿನಾ ಹೇಳಿದರು.

ತಂಗಿ ಹೊರಡುವ ದಿನ ಬಂತು. ಬೆಳಿಗ್ಗೆ ಮಾವ ಎಂದಿನಂತೆ ಗಾಡಿಯ ಮುಸುಕು ತೆಗೆದು, ಬಾಗಿಲು ತೆರೆದು, ಒರೆಸಲು ಒಣಬಟ್ಟೆ ತರಲು ಒಳಗೆ ಬಂದಿದ್ದರು. ನಾನು ಚಹಾ ಹಿಡಿದು ಹುಡುಕಿದರೆ ಅತ್ತೆ ಹಿಂದಿನ ಸೀಟಿನಲ್ಲಿ, ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ.

"ಇದೇನ್ರಿ ಅತ್ತಿ?"

"ಕುಂತೀನಿ. ಚಾ ಇಲ್ಲೇ ಕೊಡು."

ಮಾವ ಗಡಬಡಿಸಿ ಬಂದರು. "ಏ, ಇಳಿ. ಮಂದಿ ನೋಡ್ಲತ್ತಾರ."

"ನೋಡ್ಲಿ. ನೋಡ್ಲಿಕ್ಕೇ ನಿಲ್ಸೀರಲ್ಲ."

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೇಳಿದಳು, "ಯಾವ ಊರಿಗಿ ಹೊಂಟೀರಿ ಕಾಕಿ?"

"ಔರಾದಿಗಿ! ಡ್ರೈವರ್ ಸಾಬ್ ಇನ್ನಾ ತಯಾರಾಗ್ಲತ್ತಾರ!"

ಮಾವ ಒಳಗೆ ಹೋಗಿ ಅಂಗಿ ಬದಲಿಸಿ, ಚಾವಿ ತಂದರು. ನಾನೂ ಅತ್ತೆಯ ಪಕ್ಕ ಹತ್ತಿದೆ.

ಔರಾದಿನಲ್ಲಿ ಸಾಮಾನು ಹೇರಿದ ಟೆಂಪೊದ ಪಕ್ಕ ತಂಗಿ ನಿಂತಿದ್ದರು. ಅತ್ತೆ ಕೂತಲ್ಲಿಂದಲೇ ಬಾಗಿಲು ತೆರೆದು, "ಹತ್ತು. ಭಾಲ್ಕಿ ತನಕ ನನ್ನ ಜೋಡಿ ಬಾ" ಎಂದರು. ತಂಗಿ ತಮ್ಮ ಕಾಲಿನ ಮಣ್ಣನ್ನೂ ಮಾವನ ಮುಖವನ್ನೂ ನೋಡಿದರು. "ಹತ್ತವ್ವಾ, ಹತ್ತು," ಎಂದರು ಮಾವ.

ದಾರಿಯುದ್ದಕ್ಕೂ ಅಕ್ಕತಂಗಿ ಪುಣೆಯ ಮಾತೇ ಎತ್ತಲಿಲ್ಲ. ಅವ್ವ ಹುಣಸೆ ತೊಕ್ಕಿಗೆ ಮೆಂತ್ಯ ಹಾಕುತ್ತಿದ್ದಳೋ ಇಲ್ಲವೋ ಎಂದು ಜಗಳಾಡಿದರು. ಹಿಡಿದ ಕೈ ಮಾತ್ರ ಬಿಡಲಿಲ್ಲ. ಸ್ಟೇಷನ್ನಿನ ತುಂಬ ಗಂಟುಮೂಟೆಯ ಜನ. ಪ್ಲಾಟ್‌ಫಾರ್ಮಿನವರೆಗೆ ನಡೆಯಲಾಗದ ಅತ್ತೆ ಗಾಡಿಯಲ್ಲೇ ಉಳಿದು, ಗಾಜು ಇಳಿಸಿ, ರೈಲಿನ ಸದ್ದು ಅಡಗುವವರೆಗೆ ಕಿವಿಗೊಟ್ಟು ಕೂತರು.

ಕಾನ್ವೆಂಟಿನಲ್ಲಿ ನೀರು ಕುಡಿಯಲೂ ಎದ್ದು ನಿಂತು ಅನುಮತಿ ಕೇಳುತ್ತ ಬೆಳೆದವಳು ನಾನು. ಮರಳುವಾಗ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: "ತವರಿಗಿ ಹೋಗ್ಲೇನ್ರಿ ಅಂತ ಕೇಳ್ಕೋತ ಕುಂದ್ರಬ್ಯಾಡ ಯವ್ವಾ. ನಾನೂ ಭಾಳ ವರ್ಷ ಕೇಳ್ದೆ. ಹೋಗ್ತೇನಿ ಅಂತ ಹೇಳು."

ಅಕ್ಕತಂಗಿ ಮತ್ತೆ ಭೇಟಿಯಾಗಲಿಲ್ಲ. ತಂಗಿ ಪುಣೆಯಲ್ಲಿರುವಾಗಲೇ ಅತ್ತೆ ತೀರಿಕೊಂಡರು.

ಕೆಲವು ತಿಂಗಳ ನಂತರ ನನ್ನ ತಾಯಿಗೆ ಜ್ವರವೆಂದು ಸುದ್ದಿ ಬಂತು. ಮಾವ ಪತ್ರಿಕೆ ಓದುತ್ತಿದ್ದರು. ಎದುರು ನಿಂತೆ.

"ಮಾವ, ನಾ ನಾಳಿ ತವರಿಗಿ ಹೋಗ್ತೇನ್ರಿ."

ಮಾವ ಪತ್ರಿಕೆ ಮಡಿಚಿ ಬದಿಗಿಟ್ಟರು.

"ಎಷ್ಟ ಗಂಟೆಗಿ ಹೊರಡೂದು?" ಎಂದರು.