ಗ್ರೀಸಿನ ಗೋಧಿ, ಕುರುಗೋಡಿನ ಚೊಂಗ್ಯಾ

ದೊಡ್ಡಪ್ಪ ಟೂರಿನವರ ಜೊತೆ ಗ್ರೀಸಿಗೆ ಹೋಗಿಬಂದ ಮೇಲೆ ಕುರುಗೋಡಿನ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅಲ್ಲಿಯ ಯಾವುದೋ ಗುಡ್ಡದ ಹಳ್ಳಿಯ ವಿಡಿಯೊ ಬಂದವರಿಗೆಲ್ಲ ತೋರಿಸುವುದೇ ಕೆಲಸ. ಹಳೆಯ ದೇವರ ಗುಡಿಯ ಕಂಬಗಳನ್ನೇ ಬಳಸಿ ಕಟ್ಟಿದ ಚರ್ಚು. ಸತ್ತವರ ಹೆಸರಿನಲ್ಲಿ ಹೆಂಗಸರು ಗೋಧಿ ಬೇಯಿಸಿ, ದಾಳಿಂಬೆ, ಒಣದ್ರಾಕ್ಷಿ ಬೆರೆಸಿ ತರುತ್ತಾರೆ. ಪಾದ್ರಿ ಪ್ರಾರ್ಥನೆ ಮಾಡಿದ ಮೇಲೆ ಹಂಚುತ್ತಾರೆ.

“ಚರ್ಚ್ ಬರೋಕಿಂತ ಮೊದ್ಲಿಂದ ಐತಂತ ಈ ಪದ್ಧತಿ. ದೇವರು ಬದಲಾದ್ರೂ ಅಡಿಗಿ ಬಿಡಲಿಲ್ಲ ನೋಡ್ರಿ. ಸಂಸ್ಕೃತಿ ಅಂದ್ರ ಅದು!”

ಮೊಹರಂ ದಿನ ಬೆಳಿಗ್ಗೆ ಅತ್ತಿ, ಅಂದರೆ ದೊಡ್ಡಪ್ಪನ ತಂಗಿ, ಒಲೆ ಮುಂದೆ ಕೂತು ಬೆಲ್ಲದ ಚೊಂಗ್ಯಾ ಕರಿಯುತ್ತಿದ್ದಳು. ಸಿರುಗುಪ್ಪ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಮಗ ಮತ್ತೆ ನಡೆದಾಡಿದರೆ ಮಸೀದಿಯಲ್ಲಿ ಕೂರಿಸುವ ಅಲಾಯಿ ದೇವರಿಗೆ ಚೊಂಗ್ಯಾ ಒಯ್ಯುತ್ತೇನೆಂದು ಹರಕೆ ಹೊತ್ತಿದ್ದಳು. ಅವನು ನಡೆದ. ನಡೆಸಿದ್ದು ಬಳ್ಳಾರಿಯ ಡಾಕ್ಟರು ಅನ್ನುವುದು ನನ್ನ ವಾದ, ಆದರೆ ಹರಕೆ ಅವಳದು.

ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತರು. “ಈ ಮನಿಯಿಂದ ಅಲ್ಲಿಗೆ ಏನೂ ಹೋಗಂಗಿಲ್ಲ. ಗುಡಿ ಕಮಿಟಿಯಾಗ ಅದೀನಿ ನಾನು.”

“ಅವ್ವ ಒಯ್ತಿದ್ಲಲ್ಲಣ್ಣಾ. ಬುಟ್ಟಿ ಹೊತ್ಕೊಂಡು ಮುಂದ ಓಡ್ತಿದ್ದಾಂವ ನೀನ.”

“ಆಗ ತಿಳೀತಿರಲಿಲ್ಲ.”

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಇಂಥ ಮಾತಾಡಿ ಸಿಕ್ಕಿಬಿದ್ದರೆ ನಾನು ಬಿಡುವವಳಲ್ಲ. “ಗ್ರೀಸಿನವ್ರು ಮಾಡಿದ್ರ ಸಂಸ್ಕೃತಿ, ಅತ್ತಿ ಮಾಡಿದ್ರ ತಿಳಿಗೇಡಿತನ. ಹೆಂಗ್ರೀ ದೊಡ್ಡಪ್ಪ?”

“ಗ್ರೀಸಿನ್ಯಾಗ ನನ್ನ ಕೇಳೋರು ಯಾರದಾರಲೇ? ಇಲ್ಲಿ ಮಂದಿ ಕೇಳ್ತಾರ!”

“ಅಂದ್ರ ಧರ್ಮ ಅಲ್ಲ, ಹೆದರಿಕಿ.”

“ನಿನ್ನ ಬಳ್ಳಾರಿಗೆ ಓದಾಕ ಕಳಿಸಿದ್ದ ತಪ್ಪಾತು!”

ಬೈಯುತ್ತ ಅವರು ನನ್ನ ಮೇಲೆ ಬಂದರು. ನಾನು ಹಿಂದೆ ಸರಿದೆನೇ ಹೊರತು ಬಾಯಿ ಮುಚ್ಚಲಿಲ್ಲ. ಜಗಳ ಪಡಸಾಲೆ ದಾಟಿ ಹಿತ್ತಲಿಗೆ ಹೋಯಿತು, ಬಾಗಿಲು ಖಾಲಿಯಾಯಿತು. ಅತ್ತಿ ಬುಟ್ಟಿ ಹೊತ್ತು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಅವಳು ತಿರುಗಿ ಬಂದಾಗಲೂ ನಾವು ನಿಲ್ಲಿಸಿರಲಿಲ್ಲ. “ತೊಗೋರಿ” ಅಂತ ಇಬ್ಬರ ಕೈಗೂ ಒಂದೊಂದು ಚಿಟಿಕೆ ಸಕ್ಕರೆ ಹಾಕಿದಳು. ದೊಡ್ಡಪ್ಪ ಬೈಗುಳದ ನಡುವೆಯೇ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು.

“ಯಾವ ಗುಡೀದು?”

“ಅಲಾಯಿ ದೇವರದು. ಮುಲ್ಲಾನ ಕಡಿಂದ ಓದಿಸ್ಕೊಂಡು ಬಂದೀನಿ.”

ಉಗುಳಲು ಬಾಯಲ್ಲಿ ಏನೂ ಉಳಿದಿರಲಿಲ್ಲ. ನಾನು ಅವರ ಮುಖದ ಎದುರಿಗೇ ನಕ್ಕೆ. ನಗಬಾರದಿತ್ತು ಅಂತ ಇವತ್ತಿಗೂ ಅನಿಸಿಲ್ಲ.

“ಭಾಳ ನಗಬ್ಯಾಡ,” ಅಂದಳು ಅತ್ತಿ. “ನೀನೂ ಕಣ್ಣಿಗೆ ಒತ್ಕೊಂಡ ತಿಂದಿ.”

ಅವತ್ತಿನಿಂದ ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ಆ ಗೋಧಿಯ ವಿಡಿಯೊ ಮಾತ್ರ ಬಂದವರಿಗೆಲ್ಲ ಈಗಲೂ ತೋರಿಸುತ್ತಾರಂತೆ.